ನಕ್ಷೆಯ ಮೈಲಿ ನಂಬಬೇಡಿ: ಸ್ಕಾಟ್ಲೆಂಡ್ ಪಶ್ಚಿಮ ಕರಾವಳಿಯಲ್ಲಿ ಏಳು ದಿನ

ಪ್ರಶ್ನೆ: ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ಮೇ ತಿಂಗಳಲ್ಲಿ ಸಾಗರದಿಂದ ಅಪ್ಪ-ಅಮ್ಮ ಬರುತ್ತಿದ್ದಾರೆ. ಅಪ್ಪನಿಗೆ 71 ವರ್ಷ, ಅಮ್ಮನಿಗೆ ಮಂಡಿ ನೋವು. ಮಗಳಿಗೆ 8 ವರ್ಷ, ಮೇ ಕೊನೆಯ ವಾರ ಅವಳಿಗೆ ಶಾಲೆ ರಜೆ. ಆಗ ಏಳು ದಿನ ಕಾರಿನಲ್ಲಿ ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿ ಸುತ್ತುವ ಆಸೆ. ದೊಡ್ಡ ನಗರ ಬೇಡ, ಸಣ್ಣ ಊರು, ಲಾಖ್‌ಗಳು (ಅಲ್ಲಿನ ಸರೋವರಗಳು), ಸಮುದ್ರ ಸಾಕು. ನಾರ್ತ್ ಕೋಸ್ಟ್ 500 ಪೂರ್ತಿ ಮಾಡಿ ಸ್ಕೈ ದ್ವೀಪವನ್ನೂ ಸೇರಿಸಬಹುದೇ? ನಾವೆಲ್ಲ ಸಸ್ಯಾಹಾರಿಗಳು.

ಉತ್ತರ: ಎರಡೂ ಸೇರಿಸಬೇಡಿ. ನನ್ನ ಮಾತು ಕೇಳುವುದಾದರೆ ನಾರ್ತ್ ಕೋಸ್ಟ್ 500 ಅನ್ನು ಈ ಸಲ ಪೂರ್ತಿ ಬಿಟ್ಟುಬಿಡಿ. 2015ರಲ್ಲಿ ಆ ಹೆಸರಿಟ್ಟು ಪ್ರಚಾರ ಶುರುವಾಯಿತು. ಇನ್ವರ್‌ನೆಸ್‌ನಿಂದ ಹೊರಟು ಉತ್ತರದ ತುದಿ ಸುತ್ತಿ ಇನ್ವರ್‌ನೆಸ್‌ಗೇ ಬಂದು ಸೇರುವ ದಾರಿ ಅದು. ಒಟ್ಟು 516 ಮೈಲಿ, ಅಂದರೆ ಸುಮಾರು 830 ಕಿಲೋಮೀಟರ್. ಏಳು ದಿನಕ್ಕೆ ಹಂಚಿದರೆ ದಿನಕ್ಕೆ 75 ಮೈಲಿ ಕೂಡ ಇಲ್ಲವಲ್ಲ ಅಂತ ನಿಮಗೆ ಅನಿಸಿರಬೇಕು. ಎಲ್ಲರೂ ಎಡವುವುದು ಇಲ್ಲೇ. ಆ ಲೆಕ್ಕ ನೋಡಿ ಹೊರಟವರು ದಿನವೂ ಹೊಸ ಊರು, ದಿನವೂ ಸಾಮಾನು ಕಟ್ಟು, ದಿನವೂ ಐದಾರು ಗಂಟೆ ಕಾರು ಅಂತ ಓಡುತ್ತಾರೆ. ಹಿಂದಿನ ಸೀಟಿನಲ್ಲಿ ಮಂಡಿ ಮಡಚಿ ಕೂತ ಅಮ್ಮನಿಗೆ ನೆನಪಿರುವುದು ಕಾರಿನ ಕಿಟಕಿ ಮಾತ್ರ.

ಈ ಕರಾವಳಿಯಲ್ಲಿ ದಾರಿಯನ್ನು ತೀರ್ಮಾನ ಮಾಡುವುದು ನೀರು. ಇದನ್ನು ನೀವು ಸಾಗರದವರು ಬೇಗ ಹಿಡಿಯುತ್ತೀರಿ. ಸೇತುವೆ ಆಗುವ ಮೊದಲು ಸಿಗಂದೂರಿಗೆ ಹೇಗೆ ಹೋಗುತ್ತಿದ್ದಿರಿ? ಆಚೆ ದಡ ಕಣ್ಣಿಗೆ ಕಾಣುತ್ತಿತ್ತು. ಆದರೆ ಒಂದೋ ಲಾಂಚ್ ಹತ್ತಬೇಕು, ಇಲ್ಲವೇ ಶರಾವತಿ ಹಿನ್ನೀರು ಬಳಸಿಕೊಂಡು ಅಷ್ಟು ದೂರ ಸುತ್ತಬೇಕು. ಸ್ಕಾಟ್ಲೆಂಡಿನ ಪಶ್ಚಿಮ ದಡ ಪೂರ್ತಿ ಹಾಗೇ ಇದೆ. ಸಮುದ್ರ ಬೆರಳು ಚಾಚಿದ ಹಾಗೆ ಬೆಟ್ಟಗಳ ನಡುವೆ ಹತ್ತಾರು ಮೈಲಿ ಒಳಗೆ ಬಂದಿದೆ. ನಕ್ಷೆಯಲ್ಲಿ ಮಲ್ಲೇಗ್‌ನಿಂದ ಕೈಲ್ ಆಫ್ ಲೊಖಾಲ್ಶ್ ನೋಡಿ. ನೇರ ಗೆರೆ ಎಳೆದರೆ 20 ಮೈಲಿ ಇಲ್ಲ. ರಸ್ತೆಯಲ್ಲಿ ಫೋರ್ಟ್ ವಿಲಿಯಂ ಸುತ್ತಿ ಹೋದರೆ 120 ಮೈಲಿ ಹತ್ತಿರ! ಅದಕ್ಕೇ ಇಲ್ಲಿ ಮೈಲಿ ಎಣಿಸಬೇಡಿ, ಗಂಟೆ ಎಣಿಸಿ. ನಿಮ್ಮ ಮನೆಯವರ ಜೊತೆ ದಿನಕ್ಕೆ ಮೂರು ಗಂಟೆ ಡ್ರೈವಿಂಗ್, ಅದಕ್ಕಿಂತ ಜಾಸ್ತಿ ಬೇಡ.

ಲಾಖ್ ಅಂದರೆ ಸರೋವರ ಮಾತ್ರ ಅಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಕೊನೆಯ ಅಕ್ಷರವನ್ನು ಗಂಟಲಿನಿಂದ ತರಬೇಕು, ಅದಕ್ಕೆ ಲಾಖ್ ಅಂತ ಬರೆಯುತ್ತಿದ್ದೇನೆ. ಸಿಹಿನೀರಿನ ಲಾಖ್ ಇದೆ, ಸಮುದ್ರದ ಲಾಖ್ ಇದೆ. ಲಾಖ್ ಲೋಮಂಡ್, ಲಾಖ್ ನೆಸ್, ಲಾಖ್ ಮೋರಾರ್ ಸಿಹಿನೀರು. ಲಾಖ್ ಫೈನ್, ಲಾಖ್ ಎಟಿವ್, ಲಾಖ್ ಕ್ಯಾರನ್ ಉಪ್ಪುನೀರು. ಹಿಮಯುಗದಲ್ಲಿ ಮಂಜಿನ ನದಿಗಳು ಬೆಟ್ಟ ಕೊರೆದು ಆಳವಾದ ಕಣಿವೆ ಮಾಡಿದವು. ಮಂಜು ಕರಗಿದ ಮೇಲೆ ಆ ಕಣಿವೆಗಳಿಗೆ ಕಡಲು ನುಗ್ಗಿತು. ಹಾಗಾಗಿ ಬೆಟ್ಟದ ಬುಡದಲ್ಲಿ, ಸಮುದ್ರ ಎಲ್ಲೂ ಕಾಣದ ಕಡೆ, ಕಡಲ ಪಾಚಿಯ ವಾಸನೆ ಬರುತ್ತದೆ. ಬೆಳಿಗ್ಗೆ ನೀರು ತುಂಬಿದ್ದ ಜಾಗ ಮಧ್ಯಾಹ್ನಕ್ಕೆ ಕೆಸರು, ಕಲ್ಲು. ಹೊನ್ನಾವರದ ಅಳಿವೆ ನೋಡಿದವರಿಗೆ ಇದು ಹೊಸದಲ್ಲ. ಆದರೆ ಎರಡೂ ಕಡೆ ಬೋಳು ಬೆಟ್ಟ ನಿಂತಿರುವ ಅಳಿವೆ ಹೊಸದು.

ಈಗ ದಾರಿ ಹೇಳುತ್ತೇನೆ. ರೆಡಿಂಗ್‌ನಿಂದ ಕಾರಿನಲ್ಲೇ ಬರಬೇಡಿ. ಗ್ಲಾಸ್ಗೋ ಮುಟ್ಟುವುದಕ್ಕೇ ಒಂದು ಪೂರ್ತಿ ದಿನ ಹೋಗುತ್ತದೆ, ವಾಪಸ್ಸಿಗೆ ಇನ್ನೊಂದು. ಹೀತ್ರೂನಿಂದ ಗ್ಲಾಸ್ಗೋಗೆ ವಿಮಾನದಲ್ಲಿ ಬನ್ನಿ, ಅಲ್ಲಿ ಕಾರು ತಗೊಳ್ಳಿ, ಕೊನೆಗೆ ಇನ್ವರ್‌ನೆಸ್‌ನಲ್ಲಿ ಕಾರು ಬಿಟ್ಟು ಅಲ್ಲಿಂದ ಲಂಡನ್‌ಗೆ ವಿಮಾನ ಹಿಡಿಯಿರಿ. ಬೇರೆ ಊರಿನಲ್ಲಿ ಬಿಟ್ಟರೆ ಸ್ವಲ್ಪ ಹೆಚ್ಚು ದುಡ್ಡು ಕೇಳುತ್ತಾರೆ. ಕೊಡಿ. ಬಂದ ದಾರಿಯಲ್ಲೇ ಹಿಂದಿರುಗುವ ಒಂದು ದಿನ ಉಳಿಯುತ್ತದೆ.

ಆರು ರಾತ್ರಿ, ಮೂರು ಊರು: ಓಬನ್‌ನಲ್ಲಿ ಎರಡು, ಅರಿಸೇಗ್‌ನಲ್ಲಿ ಎರಡು, ಪ್ಲಾಕ್ಟನ್‌ನಲ್ಲಿ ಎರಡು. ಒಂದು ತೊಡಕಿದೆ. ಮೇ ಕೊನೆಯ ವಾರ ಇಂಗ್ಲೆಂಡಿನ ಶಾಲೆಗಳಿಗೆಲ್ಲ ರಜೆ. ಆ ವಾರ ಅಡುಗೆಮನೆ ಇರುವ ಬಾಡಿಗೆ ಮನೆಗಳನ್ನು ಎರಡು ರಾತ್ರಿಗೆ ಕೊಡಲು ಹಲವರು ಒಪ್ಪುವುದಿಲ್ಲ. ಮೂರು ರಾತ್ರಿ, ಕೆಲವರು ಒಂದು ವಾರ ಅನ್ನುತ್ತಾರೆ. ಸಿಗದಿದ್ದರೆ ಓಬನ್ ವಾಸ್ತವ್ಯ ಬಿಟ್ಟು, ಅರಿಸೇಗ್ ಮೂರು, ಪ್ಲಾಕ್ಟನ್ ಮೂರು ಮಾಡಿ. ಅದು ನಷ್ಟ ಅಲ್ಲ. ಮೊದಲ ದಿನದ ದಾರಿ ಸ್ವಲ್ಪ ಉದ್ದ ಆಗುತ್ತದೆ, ಅಷ್ಟೇ.

ಮೊದಲ ದಿನ ಗ್ಲಾಸ್ಗೋದಿಂದ ಲಾಖ್ ಲೋಮಂಡ್ ಪಕ್ಕದ ಎ82 ರಸ್ತೆ. ವಿಸ್ತೀರ್ಣದಲ್ಲಿ ಬ್ರಿಟನ್ನಿನ ಅತಿ ದೊಡ್ಡ ಸಿಹಿನೀರಿನ ಲಾಖ್ ಇದು. ಲಸ್ ಹಳ್ಳಿಯಲ್ಲಿ ಇಳಿದು ಕಾಲು ಸಡಿಲ ಮಾಡಿಕೊಳ್ಳಿ, ಶೌಚಾಲಯ ಇದೆ. ಅಲ್ಲಿ ಹೆಚ್ಚು ಹೊತ್ತು ಕಳೆಯಬೇಡಿ. ರಜೆ ವಾರದಲ್ಲಿ ಅದು ಜಾತ್ರೆ. ಟಾರ್ಬೆಟ್ ಹತ್ತಿರ ಎಡಕ್ಕೆ ಎ83 ಹಿಡಿಯಿರಿ. ಏರು ಹತ್ತಿ ಬಂದರೆ ಒಂದು ಕಣಿವೆಯ ನೆತ್ತಿ, ಹೆಸರೇ 'ರೆಸ್ಟ್ ಅಂಡ್ ಬಿ ಥ್ಯಾಂಕ್‌ಫುಲ್'. 18ನೇ ಶತಮಾನದಲ್ಲಿ ಈ ರಸ್ತೆ ಮಾಡಿದ ಸೈನಿಕರು ಮೇಲೆ ಬಂದು ಕೂತು ಕಲ್ಲಿನ ಮೇಲೆ ಆ ಮಾತು ಕೆತ್ತಿದರು. 'ದಣಿವಾರಿಸಿಕೊ, ಕೃತಜ್ಞನಾಗಿರು.' ಇಲ್ಲಿ ಜೋರು ಮಳೆ ಬಂದರೆ ಗುಡ್ಡ ಜಾರುತ್ತದೆ, ರಸ್ತೆ ಮುಚ್ಚುತ್ತಾರೆ. ಚಾರ್ಮಾಡಿ ಘಾಟಿ ನೆನಪಿಸಿಕೊಳ್ಳಿ. ಅಂದು ಬೆಳಿಗ್ಗೆ ಟ್ರಾಫಿಕ್ ಸ್ಕಾಟ್ಲೆಂಡ್ ವೆಬ್‌ಸೈಟ್ ನೋಡಿಯೇ ಹೊರಡಿ.

ಇಳಿದರೆ ಲಾಖ್ ಫೈನ್, ಅದರ ದಡದಲ್ಲಿ ಇನ್ವರರಿ. ಬಿಳಿ ಗೋಡೆ, ಕಪ್ಪು ಕಿಟಕಿ ಚೌಕಟ್ಟಿನ ಪುಟ್ಟ ಊರು. ಆರ್ಗೈಲ್ ಡ್ಯೂಕ್ ತನ್ನ ಹೊಸ ಅರಮನೆಗೆ ಜಾಗ ಬೇಕು ಅಂತ 18ನೇ ಶತಮಾನದಲ್ಲಿ ಹಳೆ ಊರನ್ನೇ ಎತ್ತಿ ಇಲ್ಲಿ ಹೊಸದಾಗಿ ಕಟ್ಟಿಸಿದ. ಊಟ ಇಲ್ಲೇ ಮುಗಿಸಿ. ಹೆಸರಿನ 'ಇನ್ವರ್' ಅಂದರೆ ಗೇಲಿಕ್ ಭಾಷೆಯಲ್ಲಿ ನದಿಯ ಬಾಯಿ, ನಮ್ಮ ಅಳಿವೆ. ಇನ್ವರ್‌ನೆಸ್ ಅಂದರೆ ನೆಸ್ ನದಿಯ ಅಳಿವೆ. 'ಕಿನ್' ಅಂದರೆ ತಲೆ, 'ಕೈಲ್' ಅಂದರೆ ಇಕ್ಕಟ್ಟಾದ ಕಡಲು. ಕಿನ್‌ಲಾಖ್‌ಲೆವನ್ ಅಂದರೆ ಲಾಖ್ ಲೆವನ್‌ನ ತಲೆಯ ಕಡೆ ಇರುವ ಊರು. ಲಾಖ್ ಸೇರಿ ಈ ನಾಲ್ಕು ಪದ ಮಗಳಿಗೆ ಹೇಳಿಕೊಡಿ. ಬೋರ್ಡುಗಳಲ್ಲಿ ಗೇಲಿಕ್, ಇಂಗ್ಲಿಷ್ ಎರಡೂ ಇರುತ್ತವೆ. ದಾರಿ ಉದ್ದಕ್ಕೂ ಅವಳೇ ಊರಿನ ಹೆಸರು ಬಿಡಿಸಿ ಹೇಳುತ್ತಾಳೆ.

ಸಂಜೆ ಓಬನ್. ಊರಿನ ಮೇಲೆ ರೋಮಿನ ಕಲೋಸಿಯಂ ಹಾಗೆ ದುಂಡಗಿನ ಗೋಡೆ ಕಾಣುತ್ತದೆ. ಮೆಕೇಗ್ ಅನ್ನುವ ಬ್ಯಾಂಕರ್ 1897ರಲ್ಲಿ ಶುರು ಮಾಡಿಸಿದ್ದು. ಚಳಿಗಾಲದಲ್ಲಿ ಊರಿನ ಕಲ್ಲುಕುಟಿಗರಿಗೆ ಕೆಲಸ ಇರಲಿ ಅನ್ನುವುದೂ ಅದರ ಉದ್ದೇಶ. 1902ರಲ್ಲಿ ಅವರು ತೀರಿಕೊಂಡರು, ಕಟ್ಟಡ ಅಲ್ಲಿಗೇ ನಿಂತಿತು. ಹತ್ತಿರದ ತನಕ ಕಾರು ಹೋಗುತ್ತದೆ, ಅಮ್ಮ ಮೆಟ್ಟಿಲು ಹತ್ತಬೇಕಿಲ್ಲ. ಮೇ ಕೊನೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ 10ರ ಹತ್ತಿರ. ಊಟ ಮುಗಿಸಿಯೇ ಹೋಗಿ, ಬೆಳಕು ಇನ್ನೂ ಇರುತ್ತದೆ.

ಎರಡನೇ ದಿನ ಮಲ್ ದ್ವೀಪಕ್ಕೆ ಹೋಗಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಸೀಲ್ ದ್ವೀಪ ಅನ್ನುತ್ತೇನೆ. ಹಡಗು ಬೇಡ, ಅರ್ಧ ಗಂಟೆ ದಾರಿ. ಅಲ್ಲಿಗೆ ದಾಟಿಸುವುದು ಒಂದೇ ಕಮಾನಿನ ಹಳೆಯ ಕಲ್ಲಿನ ಸೇತುವೆ, 1790ರ ದಶಕದ್ದು. 'ಅಟ್ಲಾಂಟಿಕ್ ಮೇಲಿನ ಸೇತುವೆ' ಅಂತ ಜನ ಕರೆಯುತ್ತಾರೆ, ಯಾಕಂದರೆ ಕೆಳಗಿನ ಆ ಸಣ್ಣ ಕಾಲುವೆಯಂಥದ್ದು ಎರಡೂ ತುದಿಯಲ್ಲಿ ಅಟ್ಲಾಂಟಿಕ್‌ಗೆ ಸೇರಿದ ಸಮುದ್ರ. ನೀವು ಹೋಗುವ ಹೊತ್ತಿಗೆ ಸೇತುವೆಯ ಕಲ್ಲುಸಂದಿಗಳಲ್ಲಿ ಫೇರಿ ಫಾಕ್ಸ್‌ಗ್ಲವ್ ಅನ್ನುವ ಪುಟ್ಟ ನೇರಳೆ ಹೂವು ಅರಳಿರುತ್ತದೆ. ನಿಂತು ಬಗ್ಗಿ ನೋಡಿ. ಉಗುರಿನಷ್ಟೂ ಇಲ್ಲದ ಹೂವು, ಆದರೆ ಗೋಡೆ ಪೂರ್ತಿ ಬಣ್ಣ.

ಅದೇ ದಿನ ಸಂಜೆ ಅಥವಾ ಮರುದಿನ ಬೆಳಿಗ್ಗೆ ಕಾನಲ್ ಸೇತುವೆಯ ಬಳಿ ನಿಲ್ಲಿ. ಈ ಪ್ರವಾಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಇದು, ಅದಕ್ಕೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ಲಾಖ್ ಎಟಿವ್ ಸಮುದ್ರ ಸೇರುವ ಕಡೆ ನೀರಿನಡಿಯಲ್ಲಿ ಕಲ್ಲಿನ ಹೊಸ್ತಿಲು ಇದೆ. ಬಾಯಿಯೂ ಇಕ್ಕಟ್ಟು. ಉಬ್ಬರದಲ್ಲಿ ಲಾಖ್ ತುಂಬುತ್ತದೆ. ಇಳಿತ ಶುರುವಾದಾಗ ಹೊರಗಿನ ಸಮುದ್ರ ಬೇಗ ತಗ್ಗುತ್ತದೆ, ಒಳಗಿನ ನೀರಿಗೆ ಅಷ್ಟು ಬೇಗ ಹೊರಬರಲು ಆಗುವುದಿಲ್ಲ. ಒಳಗೆ ಮೇಲೆ, ಹೊರಗೆ ಕೆಳಗೆ. ಆಗ ಸಮುದ್ರವೇ ಜಲಪಾತದ ಹಾಗೆ ಹೊಸ್ತಿಲು ದಾಟಿ ಸುರಿಯುತ್ತದೆ. ನೊರೆ, ಸುಳಿ, ಸದ್ದು. ಫಾಲ್ಸ್ ಆಫ್ ಲೋರಾ ಅಂತ ಹೆಸರು. ಎಲ್ಲ ದಿನ ಒಂದೇ ಥರ ಇರುವುದಿಲ್ಲ. ಹುಣ್ಣಿಮೆ, ಅಮಾವಾಸ್ಯೆ ಕಳೆದ ಒಂದೆರಡು ದಿನ ಉಬ್ಬರ-ಇಳಿತ ದೊಡ್ಡದು, ಆಗಲೇ ಇದರ ಆಟ ನೋಡಬೇಕು. ಅಷ್ಟಮಿಯ ಸುತ್ತಮುತ್ತ ಹೋದರೆ ನೀರು ಸುಮ್ಮನೆ ಹರಿಯುತ್ತಿರುತ್ತದೆ, ಇದೇನಾ ಅನಿಸುತ್ತದೆ. ನಿಮ್ಮ ಅಪ್ಪನ ಹತ್ತಿರ ಪಂಚಾಂಗ ಇದ್ದೇ ಇರುತ್ತದೆ ಅಲ್ವಾ? ತಿಥಿ ನೋಡಿ ಅವರೇ ಹೇಳಲಿ. ಗಂಟೆ ಮಾತ್ರ ಓಬನ್‌ನ ಉಬ್ಬರ-ಇಳಿತದ ಪಟ್ಟಿಯಲ್ಲಿ ನೋಡಬೇಕು. ನೀರು ಪೂರ್ತಿ ಇಳಿಯುವ ಹೊತ್ತಿನ ಆಸುಪಾಸು ಅಲ್ಲಿರಿ. ಮೇಲಿರುವ ಉಕ್ಕಿನ ಸೇತುವೆ 1903ರಲ್ಲಿ ರೈಲಿಗಾಗಿ ಆದದ್ದು. ಈಗ ಕಾರುಗಳು ಸಿಗ್ನಲ್ ನೋಡಿಕೊಂಡು ಒಂದು ಕಡೆಯಿಂದ ಒಂದು ಸಲ ದಾಟುತ್ತವೆ. ಮೂರನೇ ದಿನ ನಿಮ್ಮ ದಾರಿಯೂ ಅದರ ಮೇಲೇ.

ಮೂರನೇ ದಿನ ಎ828ರಲ್ಲಿ ಉತ್ತರಕ್ಕೆ. ನೀರಿನ ನಡುವೆ ಒಂಟಿಯಾಗಿ ನಿಂತ ಕ್ಯಾಸಲ್ ಸ್ಟಾಕರ್ ಅನ್ನು ದೂರದಿಂದಲೇ ನೋಡಿ, ಎದುರಿಗೆ ಗುಡ್ಡದ ಮೇಲೆ ಕೆಫೆ ಇದೆ. ಬ್ಯಾಲಹೂಲಿಶ್ ಸೇತುವೆ 1975ರಲ್ಲಿ ಆಯಿತು. ಅದಕ್ಕೂ ಮೊದಲು ಇಲ್ಲಿ ದೋಣಿಯ ಸಾಲು ಕಾಯಬೇಕಿತ್ತು, ಇಲ್ಲವೇ ಕಿನ್‌ಲಾಖ್‌ಲೆವನ್ ಸುತ್ತಿ 19 ಮೈಲಿ ಹೋಗಬೇಕಿತ್ತು. ಸೇತುವೆ ಹತ್ತುವ ಮೊದಲು ಬಲಕ್ಕೆ ತಿರುಗಿ ಗ್ಲೆಂಕೋ ಕಣಿವೆಗೆ ಹೋಗಿ ಬನ್ನಿ. ಒಂದು ಗಂಟೆ ಸಾಕು. 1692ರ ಫೆಬ್ರವರಿ 13ರ ನಸುಕಿನಲ್ಲಿ, ಹನ್ನೆರಡು ದಿನ ತಮ್ಮ ಮನೆಯಲ್ಲಿ ಉಂಡು ಮಲಗಿದ್ದ ಸೈನಿಕರೇ ಇಲ್ಲಿನ ಮ್ಯಾಕ್‌ಡೊನಾಲ್ಡ್ ಕುಲದವರನ್ನು ಕೊಂದರು. ಉಂಡ ಮನೆಗೆ ಎರಡು ಬಗೆದ ಆ ಕಥೆ ಇಲ್ಲಿನವರು ಇವತ್ತಿಗೂ ಮರೆತಿಲ್ಲ. ಮೂರು ದೈತ್ಯ ಬೆಟ್ಟಗಳು ಒಟ್ಟಿಗೆ ಕಾಣುವ ಕಡೆ ಪಾರ್ಕಿಂಗ್ ಇದೆ. ಕಾರಿನಿಂದ ಇಳಿದು ಹತ್ತು ಹೆಜ್ಜೆ ಇಟ್ಟರೆ ಸಾಕು.

ಫೋರ್ಟ್ ವಿಲಿಯಂನಲ್ಲಿ ದಿನಸಿ, ಪೆಟ್ರೋಲ್ ತುಂಬಿಕೊಂಡು ಮುಂದೆ ಹೋಗಿ. ಬೆನ್ ನೆವಿಸ್, 1,345 ಮೀಟರ್, ಬ್ರಿಟನ್ನಿನ ಅತಿ ಎತ್ತರದ ಬೆಟ್ಟ, ಇಲ್ಲೇ ಊರಿನ ಬೆನ್ನಿಗೆ ಇದೆ. ಮೋಡ ಸರಿದರೆ ಕಂಡೀತು. ಊರು ನನಗೆ ಅಷ್ಟಾಗಿ ಇಷ್ಟವಿಲ್ಲ, ಉಳಿಯಲು ಬೇಡ.

ಅಲ್ಲಿಂದ ಅರಿಸೇಗ್ ದಾರಿಯಲ್ಲಿ ಗ್ಲೆನ್‌ಫಿನ್ನನ್. 21 ಕಮಾನಿನ ರೈಲು ಸೇತುವೆ, ಪೂರ್ತಿ ಕಾಂಕ್ರೀಟಿನದು, 1897ರಿಂದ 1901ರ ನಡುವೆ ಕಟ್ಟಿದ್ದು. ಉಗಿಬಂಡಿ ದಾಟುವ ಹೊತ್ತಿಗೆ ಅಲ್ಲಿ ಕಾರು ನಿಲ್ಲಿಸಲು ಜಾಗವೇ ಸಿಗುವುದಿಲ್ಲ. ಜನ ರಸ್ತೆ ಅಂಚಿನಲ್ಲೇ ಬಿಟ್ಟು ದಂಡ ಕಟ್ಟುತ್ತಾರೆ. ನೀವು ಆ ದಿನ ನಿಲ್ಲಲೇ ಬೇಡಿ. ನಾಲ್ಕನೇ ದಿನ ಅರಿಸೇಗ್ ಸ್ಟೇಷನ್ನಿನಿಂದ ಮಾಮೂಲಿ ರೈಲು ಹತ್ತಿ ಗ್ಲೆನ್‌ಫಿನ್ನನ್ ದಾಟಿ ಹೋಗಿ ಬನ್ನಿ. ಅದೇ ಹಳಿ, ಅದೇ ಸೇತುವೆ, ಟಿಕೆಟ್ ಅಗ್ಗ. ಬ್ರಿಟನ್ ಮುಖ್ಯ ಭೂಭಾಗದ ಅತ್ಯಂತ ಪಶ್ಚಿಮದ ರೈಲು ನಿಲ್ದಾಣ ಅರಿಸೇಗ್. ದಿನಕ್ಕೆ ಕೆಲವೇ ರೈಲು, ಸಮಯ ಮೊದಲೇ ನೋಡಿಕೊಳ್ಳಿ. ಅಂದು ನಿಮಗೂ ಸ್ಟೀರಿಂಗ್‌ನಿಂದ ಬಿಡುವು.

ಉಳಿದ ಹೊತ್ತು ಬೀಚು. ಅರಿಸೇಗ್‌ನಿಂದ ಮೋರಾರ್ ತನಕ ಬಿಳಿ ಮರಳಿನ ಸಣ್ಣ ಸಣ್ಣ ಕೊಲ್ಲಿಗಳು. ಎದುರಿಗೆ ಎಗ್, ರಮ್ ದ್ವೀಪಗಳು. ನೀರಿನ ಬಣ್ಣ ನೋಡಿ ಬಿಸಿ ದೇಶದ ಕಡಲು ಅಂದುಕೊಂಡು ಮಗಳು ಓಡಿ ಇಳಿಯುತ್ತಾಳೆ. ಮೈ ಕೊರೆಯುವಷ್ಟು ತಣ್ಣಗೆ ಇರುತ್ತದೆ, ಟವೆಲ್, ಬದಲಿ ಬಟ್ಟೆ ಕಾರಿನಲ್ಲಿರಲಿ. ಪಕ್ಕದ ಲಾಖ್ ಮೋರಾರ್ 310 ಮೀಟರ್ ಆಳ. ಬ್ರಿಟನ್ನಿನಲ್ಲಿ ಇದಕ್ಕಿಂತ ಆಳದ ಲಾಖ್ ಇಲ್ಲ.

ಐದನೇ ದಿನ ನಿಮ್ಮ ಸ್ಕೈ ಆಸೆ ಸ್ವಲ್ಪ ತೀರುತ್ತದೆ. ಮಲ್ಲೇಗ್‌ನಿಂದ ಕಾರು ಸಮೇತ ಫೆರ್ರಿ ಹತ್ತಿ ಸ್ಕೈ ದ್ವೀಪದ ಅರ್ಮಡೇಲ್‌ನಲ್ಲಿ ಇಳಿಯಿರಿ. ಮುಕ್ಕಾಲು ಗಂಟೆಯೊಳಗೆ ಆ 120 ಮೈಲಿ ಸುತ್ತು ತಪ್ಪುತ್ತದೆ. ಸಿಗಂದೂರು ಲಾಂಚಿನಲ್ಲಿ ಬಸ್ಸು, ಜೀಪು ಹತ್ತಿಸುವುದು ನೋಡಿದ ಅಪ್ಪನಿಗೆ ಇದು ತುಂಬ ಇಷ್ಟವಾಗುತ್ತದೆ. ಮೇಲಿನ ಡೆಕ್ಕಿಗೆ ಹೋಗಲಿ. ಸ್ಕೈನ ದಕ್ಷಿಣ ಭಾಗ ದಾಟಿ, 1995ರಲ್ಲಿ ಆದ ಸೇತುವೆಯ ಮೇಲೆ ಮತ್ತೆ ಈಚೆ ದಡಕ್ಕೆ. ದ್ವೀಪದ ಉತ್ತರಕ್ಕೆ ಓಡುವ ಆಸೆ ತಡೆಯಿರಿ. ಅಲ್ಲಿನ ಹೆಸರಾದ ಬೆಟ್ಟಗಳೆಲ್ಲ ನಡೆದು ಹತ್ತುವವರಿಗೆ. ಬದಲಿಗೆ ಎಂಟೇ ಮೈಲಿ ದೂರದ ಎಲನ್ ಡೊನಾನ್ ಕೋಟೆ ನೋಡಿ. ಮೂರು ಸಮುದ್ರ ಲಾಖ್‌ಗಳು ಕೂಡುವ ಜಾಗ, ನಮ್ಮ ಕಡೆ ಆಗಿದ್ದರೆ ಸಂಗಮ ಅನ್ನುತ್ತಿದ್ದೆವು. 1719ರಲ್ಲಿ ಸರ್ಕಾರಿ ಯುದ್ಧನೌಕೆಗಳು ಕೋಟೆಯನ್ನು ಉರುಳಿಸಿದವು. ಇನ್ನೂರು ವರ್ಷ ಹಾಳುಬಿದ್ದಿತ್ತು. ಈಗ ಕಾಣುವುದು 1932ರಲ್ಲಿ ಮುಗಿದ ಮರುನಿರ್ಮಾಣ. ಒಳಗೆ ಕಡಿದಾದ ಮೆಟ್ಟಿಲು. ಅಮ್ಮ ಹೊರಗೇ ದಡದ ಬೆಂಚಿನಲ್ಲಿ ಕೂರಲಿ, ಚಂದ ಇರುವುದೇ ಹೊರಗಿನಿಂದ.

ಪ್ಲಾಕ್ಟನ್ ಬಗ್ಗೆ ಹೆಚ್ಚು ಹೇಳಿದರೆ ನಿಮ್ಮ ಮೊದಲ ನೋಟ ಕೆಡುತ್ತದೆ. ಲಾಖ್ ಕ್ಯಾರನ್ ದಡದಲ್ಲಿ ಒಂದೇ ಬೀದಿ. ಒಂದು ಕಡೆ ಮನೆಗಳ ಸಾಲು, ಇನ್ನೊಂದು ಕಡೆ ಅವುಗಳ ಕೈತೋಟ, ಅದರಾಚೆ ನೀರು. ತೋಟಗಳಲ್ಲಿ ಈಚಲಿನ ಹಾಗೆ ಕಾಣುವ ಗಿಡಗಳು! ಅಟ್ಲಾಂಟಿಕ್‌ನ ಬೆಚ್ಚಗಿನ ಪ್ರವಾಹ ಈ ದಡ ಸವರುವುದರಿಂದ ಇಷ್ಟು ಉತ್ತರದಲ್ಲೂ ಅವು ಬದುಕುತ್ತವೆ. ನೀರು ಇಳಿದಾಗ ದೋಣಿಗಳು ಕೆಸರಿನಲ್ಲಿ ಒಂದು ಮಗ್ಗುಲಾಗಿ ಮಲಗಿರುತ್ತವೆ. ಬೀದಿ ಸಮತಟ್ಟು, ಅಮ್ಮ ನಿಧಾನಕ್ಕೆ ಕೊನೆ ತನಕ ನಡೆಯಬಹುದು.

ಆರನೇ ದಿನ ಶೀಲ್ಡೇಗ್, ಟಾರಿಡನ್. ಶೀಲ್ಡೇಗ್ ಎದುರಿನ ಪೈನ್ ಮರಗಳ ಪುಟ್ಟ ದ್ವೀಪ, ಅದರಾಚೆ ಕೆಂಪು ಮರಳುಕಲ್ಲಿನ ಬೆಟ್ಟಗಳು. ಆ ಮರಳುಕಲ್ಲಿಗೆ ಸುಮಾರು 100 ಕೋಟಿ ವರ್ಷ. ಅದು ಕೂತಿರುವ ಬೂದು ನೈಸ್ ಶಿಲೆ ಅದಕ್ಕಿಂತ ತುಂಬ ಹಳೆಯದು, ಕೆಲವು ಕಡೆ 300 ಕೋಟಿ ವರ್ಷದ್ದು. ಬೆಂಗಳೂರಿನ ಲಾಲ್‌ಬಾಗ್ ಬಂಡೆಯೂ ಹೆಚ್ಚುಕಮ್ಮಿ ಅದೇ ಪ್ರಾಯದ ನೈಸ್. ಮಗಳು ಎರಡನ್ನೂ ಕೈಯಿಂದ ಮುಟ್ಟಿದವಳಾಗುತ್ತಾಳೆ.

ಹತ್ತಿರದಲ್ಲೇ ಬ್ಯಾಲಖ್ ನ ಬಾ ಘಾಟಿ ಇದೆ. ಹೆಸರಿಗೆ 'ದನಗಳ ಕಣಿವೆದಾರಿ' ಅಂತ ಅರ್ಥ, ಹಿಂದೆ ಇದೇ ದಾರಿಯಲ್ಲಿ ದನ ಹೊಡೆದುಕೊಂಡು ಹೋಗುತ್ತಿದ್ದರು. ಸಮುದ್ರಮಟ್ಟದಿಂದ 626 ಮೀಟರ್ ತನಕ ಒಂದೇ ಕಾರಿನ ಅಗಲದ ರಸ್ತೆ ಹತ್ತುತ್ತದೆ. ಬುಡದಲ್ಲೇ ಬೋರ್ಡು ಹಾಕಿದ್ದಾರೆ: ಹೊಸದಾಗಿ ಕಲಿಯುವವರಿಗೆ, ದೊಡ್ಡ ಗಾಡಿಗಳಿಗೆ ಬೇಡ. ಆಗುಂಬೆ ಘಾಟಿ ಇಳಿದವರಿಗೆ ತಿರುವು ಹೆದರಿಕೆ ಅಲ್ಲ. ಆದರೆ ಆಗುಂಬೆಯಲ್ಲಿ ಎದುರು ಬದುರು ಎರಡು ಗಾಡಿಗೆ ಜಾಗ ಇದೆ, ಇಲ್ಲಿ ಇಲ್ಲ. ಬೆಳಿಗ್ಗೆ 8ರೊಳಗೆ, ನೆತ್ತಿ ಬಿಚ್ಚಿ ಕಾಣುತ್ತಿದ್ದರೆ, ಅಮ್ಮನಿಗೆ ಕಾರಿನಲ್ಲಿ ವಾಂತಿಯ ತೊಂದರೆ ಇಲ್ಲದಿದ್ದರೆ ಮಾತ್ರ ಹೋಗಿ. ವಾಪಸ್ ಬರುವಾಗ ಶೀಲ್ಡೇಗ್ ಕಡೆಯ ಕರಾವಳಿ ರಸ್ತೆ ಹಿಡಿಯಿರಿ. ಮೋಡ ಇದ್ದರೆ ಖಂಡಿತ ಬೇಡ.

ಈಗ ಒಂಟಿ ರಸ್ತೆಯ ನಡವಳಿಕೆ. ಇಲ್ಲಿ ಸಿಂಗಲ್ ಟ್ರ್ಯಾಕ್ ಅನ್ನುತ್ತಾರೆ. ಅಲ್ಲಲ್ಲಿ ರಸ್ತೆ ಉಬ್ಬಿರುತ್ತದೆ, ಪಕ್ಕದಲ್ಲಿ 'ಪಾಸಿಂಗ್ ಪ್ಲೇಸ್' ಬೋರ್ಡು. ಎದುರು ಗಾಡಿ ಕಂಡ ತಕ್ಷಣ ಲೆಕ್ಕ ಹಾಕಿ, ಯಾರಿಗೆ ಅದು ಹತ್ತಿರ ಅಂತ. ನಿಮ್ಮ ಎಡಕ್ಕಿದ್ದರೆ ಒಳಗೆ ಸೇರಿಕೊಳ್ಳಿ. ಬಲಕ್ಕಿದ್ದರೆ ಬಲಕ್ಕೆ ದಾಟಬೇಡಿ, ಅದರ ಎದುರಿಗೆ ನಿಮ್ಮ ಎಡದಲ್ಲೇ ನಿಲ್ಲಿ. ಎದುರಿನವರು ಆ ಉಬ್ಬಿನಲ್ಲಿ ಸುತ್ತಿಕೊಂಡು ಹೋಗುತ್ತಾರೆ. ದಾಟುವಾಗ ಸ್ಟೀರಿಂಗ್ ಮೇಲಿನ ಕೈ ಸ್ವಲ್ಪ ಎತ್ತಿ. ಅದಿಲ್ಲದಿದ್ದರೆ ಇಲ್ಲಿನವರಿಗೆ ನೋವಾಗುತ್ತದೆ, ಎತ್ತಿದರೆ ಅವರೂ ಎತ್ತುತ್ತಾರೆ. ಹಿಂದೆ ಯಾರಾದರೂ ಅಂಟಿಕೊಂಡು ಬರುತ್ತಿದ್ದರೆ ಒಳಗೆ ಸರಿದು ಬಿಟ್ಟುಬಿಡಿ. ಅವರು ನರ್ಸ್ ಇರಬಹುದು, ಶಾಲೆಯಿಂದ ಮಗು ಕರೆತರುವವರಿರಬಹುದು. ನಮಗೆ ರಜೆ, ಅವರಿಗೆ ಕೆಲಸದ ದಿನ. ಫೋಟೊ ತೆಗೆಯಲು ಅಂತ ಪಾಸಿಂಗ್ ಪ್ಲೇಸಿನಲ್ಲಿ ಗಾಡಿ ನಿಲ್ಲಿಸಬೇಡಿ. ದಯವಿಟ್ಟು ಬೇಡ. ಆಂಬುಲೆನ್ಸ್‌ಗೂ ಅದೇ ಜಾಗ. ಕುರಿ ರಸ್ತೆಯಲ್ಲೇ ಮಲಗಿದ್ದರೆ ಹಾರ್ನ್ ಹೊಡೆದು ಉಪಯೋಗವಿಲ್ಲ, ಕಾಯಿರಿ.

ರಸ್ತೆಯ ಅಂಚು ಎಷ್ಟೋ ಕಡೆ ಒಡೆದಿರುತ್ತದೆ. ನಾನು ಒಮ್ಮೆ ಟಾರಿಡನ್ ದಾರಿಯಲ್ಲಿ ಎದುರಿನ ವ್ಯಾನಿಗೆ ಜಾಗ ಕೊಡಲು ಹೋಗಿ ಎಡ ಚಕ್ರವನ್ನು ಅಂಚಿನಿಂದ ಇಳಿಸಿದೆ. ಟೈರು ಪಕ್ಕಕ್ಕೆ ಸೀಳಿತು. ಡಿಕ್ಕಿ ತೆಗೆದು ನೋಡಿದರೆ ಬಾಡಿಗೆ ಕಾರಿನಲ್ಲಿ ಸ್ಟೆಪ್ನಿಯೇ ಇಲ್ಲ, ತೂತು ಮುಚ್ಚುವ ಅಂಟಿನ ಡಬ್ಬಿ ಮಾತ್ರ. ಸೀಳಿದ ಟೈರಿಗೆ ಅಂಟು ನಿಲ್ಲುವುದಿಲ್ಲ. ಮೊಬೈಲ್ ಸಿಗ್ನಲ್ ಇಲ್ಲ. ಮೂರೂವರೆ ಗಂಟೆ ಕಾದೆವು. ಅದಕ್ಕೇ ಹೇಳುವುದು: ಕಾರು ತಗೊಳ್ಳುವಾಗಲೇ ಡಿಕ್ಕಿ ತೆಗೆಸಿ ಸ್ಟೆಪ್ನಿ ಇದೆಯಾ ನೋಡಿ, ಟೈರು ವಿಮೆಯಲ್ಲಿ ಸೇರಿದೆಯಾ ಕೇಳಿ. ನಕ್ಷೆ ಫೋನಿನಲ್ಲಿ ಮೊದಲೇ ಇಳಿಸಿಕೊಂಡಿರಿ. ಟ್ಯಾಂಕ್ ಅರ್ಧ ಆದ ತಕ್ಷಣ ತುಂಬಿಸಿ. ನಿಮ್ಮ ಲೈಸೆನ್ಸ್ ಇಲ್ಲಿಯದ್ದಾದರೆ ಬಾಡಿಗೆ ಕಾರಿನವರು ಡಿವಿಎಲ್‌ಎ (ಇಲ್ಲಿನ ಲೈಸೆನ್ಸ್ ಇಲಾಖೆ) ಚೆಕ್ ಕೋಡ್ ಕೇಳಬಹುದು, ಅದಕ್ಕೆ 21 ದಿನ ಮಾತ್ರ ಆಯಸ್ಸು, ಹೊರಡುವ ವಾರ ತೆಗೆದರೆ ಸಾಕು. ಐದು ಜನ ಮತ್ತು ಸಾಮಾನಿಗೆ ಎಸ್ಟೇಟ್ ಮಾದರಿಯ, ಅಂದರೆ ಡಿಕ್ಕಿ ಉದ್ದ ಇರುವ ಕಾರು ಸರಿ. ದೊಡ್ಡ ವ್ಯಾನ್, ಮೋಟರ್‌ಹೋಮ್ ಈ ರಸ್ತೆಗಳಿಗೆ ಬೇಡ. ಮಗಳಿಗೆ 135 ಸೆಂಟಿಮೀಟರ್ ಎತ್ತರ ಆಗಿಲ್ಲದಿದ್ದರೆ ಬೂಸ್ಟರ್ ಸೀಟ್ ಕಡ್ಡಾಯ.

ಊಟದ ವಿಷಯ. ಇದಕ್ಕೇ ನಾನು ಅಡುಗೆಮನೆ ಇರುವ ಮನೆ ಅಂತ ಹೇಳಿದ್ದು. ಸಣ್ಣ ಊರುಗಳಲ್ಲಿ ಹೋಟೆಲಿನ ಅಡುಗೆಮನೆ ರಾತ್ರಿ 8ಕ್ಕೆ, 8:30ಕ್ಕೆ ಮುಚ್ಚುತ್ತದೆ. ಬೆಳಕು ನೋಡಿ ಇನ್ನೂ ಸಂಜೆ ಅಂದುಕೊಂಡು ಉಪವಾಸ ಮಲಗಿದವರನ್ನು ನೋಡಿದ್ದೇನೆ. ಮೆನುವಿನಲ್ಲಿ ಬೇಳೆ ಸೂಪ್ ಕಂಡರೆ ಖುಷಿಪಡುವ ಮೊದಲು ಕೇಳಿ. ಸ್ಕಾಟ್ಲೆಂಡಿನಲ್ಲಿ ಅದನ್ನು ಹಂದಿಮಾಂಸ ಬೇಯಿಸಿದ ನೀರಿನಲ್ಲಿ ಮಾಡುವುದು ವಾಡಿಕೆ. ಆಲೂ ಚಿಪ್ಸ್ ಮೀನು ಕರಿದ ಎಣ್ಣೆಯಲ್ಲೇ ಕರಿದಿರಬಹುದು, ಅದನ್ನೂ ಕೇಳಿ. ಕೇಳಿದರೆ ಬೇಜಾರಿಲ್ಲದೆ ಹೇಳುತ್ತಾರೆ. ಟ್ಯಾಟಿ ಸ್ಕೋನ್ ಅನ್ನುವ ಆಲೂಗಡ್ಡೆ ರೊಟ್ಟಿ ಬೆಳಗಿನ ತಿಂಡಿಗೆ ಚೆನ್ನಾಗಿರುತ್ತದೆ. ಗ್ಲಾಸ್ಗೋದ ಪೊಲಕ್‌ಶೀಲ್ಡ್ಸ್ ಬಡಾವಣೆಯಲ್ಲಿ ನಮ್ಮ ಕಡೆಯ ಅಕ್ಕಿ, ಬೇಳೆ, ಕರಿಬೇವು ಎಲ್ಲ ಸಿಗುತ್ತದೆ. ಮೊದಲ ದಿನವೇ ತುಂಬಿಕೊಳ್ಳಿ. ಸಾರಿನ ಪುಡಿ, ಅವಲಕ್ಕಿ, ಅಪ್ಪೆಮಿಡಿ ಉಪ್ಪಿನಕಾಯಿ ಅಮ್ಮ ತಂದಿರುತ್ತಾರೆ. ಸಣ್ಣ ಕುಕ್ಕರ್ ಜೊತೆಗಿರಲಿ, ಬಾಡಿಗೆ ಮನೆಗಳಲ್ಲಿ ಇರುವುದಿಲ್ಲ. ಒಂದು ಎಚ್ಚರ: ಒಗ್ಗರಣೆ ಹಾಕುವ ಮೊದಲು ಕಿಟಕಿ ತೆಗೆಯಿರಿ, ಅಡುಗೆಮನೆ ಬಾಗಿಲು ಮುಚ್ಚಿ. ಮೆಣಸಿನಕಾಯಿ ಘಾಟಿಗೆ ಸ್ಮೋಕ್ ಅಲಾರಾಂ ಕೂಗಿಕೊಂಡರೆ ಇಡೀ ಬೀದಿ ಎದ್ದು ಕೂರುತ್ತದೆ.

ಮಳೆ ಬಂದೇ ಬರುತ್ತದೆ. ಆಗುಂಬೆ, ಹುಲಿಕಲ್‌ನ ಜಡಿ ಅಲ್ಲ. ಜಿಟಿಜಿಟಿ, ಗಾಳಿ ಸೇರಿ ಅಡ್ಡಡ್ಡ ಬರುವಂಥದ್ದು. ಕೊಡೆ ಮಗುಚಿಕೊಳ್ಳುತ್ತದೆ, ತಲೆಗೆ ಟೊಪ್ಪಿ ಇರುವ ಮಳೆಕೋಟು ಎಲ್ಲರಿಗೂ ಬೇಕು. ಮೇ ಕೊನೆಯಲ್ಲಿ ಹಗಲು 12ರಿಂದ 16 ಡಿಗ್ರಿ ಅಂದುಕೊಳ್ಳಿ. ಅಮ್ಮ ಸೀರೆ ಉಡುವುದಾದರೆ ಒಳಗೆ ಬೆಚ್ಚಗಿನ ಲೆಗ್ಗಿಂಗ್ಸ್, ಕಾಲಿಗೆ ಹಿಡಿತದ ಶೂ. ನುಸಿ ಕಾಟ ಜೂನ್‌ನಿಂದ ಆಗಸ್ಟ್ ತನಕ ಜೋರು, ನೀವು ಹೋಗುವಾಗ ಶುರುವಾಗುತ್ತಿರುತ್ತದೆ. ಉಂಬಳಕ್ಕೆ ಒಗ್ಗಿದ ಮಲೆನಾಡಿನವರನ್ನೂ ಅದು ಕಾಡುತ್ತದೆ. ಗಾಳಿ ಇದ್ದರೆ ಹತ್ತಿರ ಸುಳಿಯುವುದಿಲ್ಲ. ಗಾಳಿ ನಿಂತ ಸಂಜೆ ನೀರಿನ ಪಕ್ಕ ಕೂರಬೇಡಿ.

ಅಪ್ಪ-ಅಮ್ಮನ ಔಷಧಿ ಹತ್ತು ದಿನಕ್ಕಾಗುವಷ್ಟು, ಚೀಟಿ ಸಮೇತ, ಕೈಚೀಲದಲ್ಲಿರಲಿ. ಓಬನ್, ಫೋರ್ಟ್ ವಿಲಿಯಂ, ಸ್ಕೈನ ಬ್ರಾಡ್‌ಫರ್ಡ್ ಮೂರೂ ಕಡೆ ಆಸ್ಪತ್ರೆ ಇದೆ. ನಿಮ್ಮ ದಾರಿಯಲ್ಲೇ ಬರುತ್ತವೆ. ತುರ್ತಿಗೆ 999, ಸಲಹೆಗೆ 111. ಪ್ರವಾಸ ವಿಮೆ ಇಲ್ಲದೆ ಅವರನ್ನು ವಿಮಾನ ಹತ್ತಿಸಬೇಡಿ.

ಏಳನೇ ದಿನ ಪ್ಲಾಕ್ಟನ್‌ನಿಂದ ಇನ್ವರ್‌ನೆಸ್ ಎರಡು ಗಂಟೆಯ ಚಿಲ್ಲರೆ. ಹೊರಟ ಸ್ವಲ್ಪ ಹೊತ್ತಿಗೆ ಸ್ಟ್ರೋಮ್‌ಫೆರ್ರಿ ಊರಿನ ತಿರುವು ಬರುತ್ತದೆ. ಹೆಸರಿನಲ್ಲಿ ಫೆರ್ರಿ ಇದೆ, ಊರಿನಲ್ಲಿ ಇಲ್ಲ. ಬೋರ್ಡಿನಲ್ಲೇ 'ಫೆರ್ರಿ ಇಲ್ಲ' ಅಂತ ಬರೆದು ಅದು ಹೆಸರಾಯಿತು. ಲಾಖ್ ಕ್ಯಾರನ್ ಬಳಸಿ ಹೋಗುವ ರಸ್ತೆ 1970ರಲ್ಲಿ ಆದ ಮೇಲೆ ಫೆರ್ರಿ ನಿಂತಿತು. 2011ರ ಕೊನೆಯಲ್ಲಿ ಆ ರಸ್ತೆಗೆ ಬಂಡೆ ಉರುಳಿ ತಿಂಗಳುಗಟ್ಟಲೆ ಮುಚ್ಚಿತು. ಎದುರಿಗೆ ಕಾಣುವ ದಡಕ್ಕೆ ಹೋಗಲು ಜನ ನೂರು ಮೈಲಿಗೂ ಹೆಚ್ಚು ಸುತ್ತಬೇಕಾಯಿತು. ಕೊನೆಗೆ ಹಳೆಯ ಜಾಗದಲ್ಲೇ ಮತ್ತೆ ದೋಣಿ ಬಿಟ್ಟರು. ಈಗಲೂ ಅಲ್ಲಿ ಆಗಾಗ ಕೆಲಸ ನಡೆದು ರಸ್ತೆ ತಡೆಯುತ್ತಾರೆ, ವಿಮಾನಕ್ಕೆ ಎರಡು ಗಂಟೆ ಹೆಚ್ಚಿಗೆ ಇಟ್ಟುಕೊಂಡೇ ಹೊರಡಿ.

ಬುಕಿಂಗ್ ಈ ಕ್ರಮದಲ್ಲಿ ಮಾಡಿ: ಮೊದಲು ಪ್ಲಾಕ್ಟನ್ ಮನೆ, ಅದು ಸಿಗುವುದೇ ಕಷ್ಟ. ಆಮೇಲೆ ಅರಿಸೇಗ್, ಆಮೇಲೆ ಓಬನ್. ಮನೆ ಖಚಿತ ಆದ ದಿನವೇ ಮಲ್ಲೇಗ್ ಫೆರ್ರಿಗೆ ಕಾರಿನ ಜಾಗ. ವಿಮಾನ, ಕಾರು ಕೊನೆಗೆ. ತಾರೀಕು ನಿಶ್ಚಯವಾದ ಮೇಲೆ ನನಗೆ ಬರೆಯಿರಿ. ಕಾನಲ್ ಸೇತುವೆಯ ಕೆಳಗೆ ಯಾವ ದಿನ, ಎಷ್ಟು ಗಂಟೆಗೆ ನಿಲ್ಲಬೇಕು ಅಂತ ಪಟ್ಟಿ ನೋಡಿ ಹೇಳುತ್ತೇನೆ.